ಬಂಗಲೆಯ ಕಾದಂಬರಿ, ಕೇರಿಯ ದುಡಿಮೆ

ಬೆಂಗಳೂರು ಕ್ಲಬ್ಬಿನ ಹಳೆಯ ದಫ್ತರದಲ್ಲಿ 1899ರ ಒಂದು ಪುಟವಿದೆ. ವಸೂಲಾಗದೆ ಕೈಬಿಟ್ಟ ಬಾಕಿಗಳ ಪಟ್ಟಿ ಅದು. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಅನ್ನುವ ಹೆಸರಿದೆ, ಹೆಸರಿನ ಮುಂದೆ 13 ರೂಪಾಯಿ ಇದೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಇವನೇ. ಪೇಟೆಯ ಪತ್ರಿಕೆಗಳು ಈ 13 ರೂಪಾಯಿ ಕತೆಯನ್ನು ಮತ್ತೆ ಮತ್ತೆ ಅಚ್ಚು ಹಾಕುತ್ತವೆ, ಓದಿದವರು ನಗುತ್ತಾರೆ. ನಮಗೆ ನಗು ಬರುವುದಿಲ್ಲ. ಕ್ಲಬ್ಬಿನ ಬಾಕಿಯನ್ನಾದರೂ ಯಾರೋ ಗುಮಾಸ್ತ ಬರೆದಿಟ್ಟ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಅವನ ಕುದುರೆ ತಿಕ್ಕಿದವರ, ಬಟ್ಟೆ ಒಗೆದವರ, ನೀರು ಹೊತ್ತವರ ಬಾಕಿ ಯಾವ ದಫ್ತರದಲ್ಲಿದೆ?

ಈ ಪ್ರಶ್ನೆ ಕೇಳುವುದಕ್ಕೆ ಕಾರಣ ಇದೆ. ಚರ್ಚಿಲ್ ತನ್ನ ಜೀವಮಾನದಲ್ಲಿ ಬರೆದದ್ದು ಒಂದೇ ಒಂದು ಕಾದಂಬರಿ. ಹೆಸರು 'ಸವ್ರೋಲ'. ಅದು ಬೆಳೆದದ್ದು ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ. ಸೈನ್ಯದ ನೌಕರಿ ಬಿಟ್ಟು ಲೇಖನಿಯಿಂದ ಹೊಟ್ಟೆ ಹೊರೆಯಬಹುದು ಎಂಬ ಧೈರ್ಯ ಅವನಿಗೆ ಬಂದದ್ದೂ ಇಲ್ಲಿದ್ದ ದಿನಗಳಲ್ಲೇ. ಒಬ್ಬ ಮನುಷ್ಯ ಹೇಗೆ ಪೂರ್ಣಾವಧಿ ಬರಹಗಾರ ಆಗುತ್ತಾನೆ, ಅದಕ್ಕೆ ಏನೇನು ಬೇಕು, ಅದನ್ನೆಲ್ಲ ಯಾರು ಕೊಡುತ್ತಾರೆ ಎಂದು ತಿಳಿಯಬೇಕಾದರೆ ಈ ಕತೆಯಷ್ಟು ಚೊಕ್ಕವಾದ ಪಾಠ ಇನ್ನೊಂದಿಲ್ಲ.

ನಮಗೆ ಈ ಪಾಠ ಯಾಕೆ ಬೇಕು? ಸಾಹಿತ್ಯ ಕಮ್ಮಟಗಳಿಗೆ ಹೋದರೆ ಹಿರಿಯರು ನಮಗೊಂದು ಬುದ್ಧಿಮಾತು ಹೇಳುತ್ತಾರೆ: "ಬರೀಬೇಕು ಅನ್ನೋ ಹಸಿವಿದ್ರೆ ಟೈಮು ತಾನಾಗೇ ಸಿಗುತ್ತೆ ಕಣಯ್ಯ." ಹಸಿವಿನ ವಿಷಯ ನಮಗೆ ಹೇಳಿಕೊಡಬೇಕಾಗಿಲ್ಲ. ಟೈಮಿನ ವಿಷಯ ಮಾತ್ರ ನಾವು ವಿಚಾರಿಸಬೇಕು. ಕೇರಿಯಿಂದ ಮೊದಲ ಬಾರಿಗೆ ಡಿಗ್ರಿ ಹತ್ತಿದ ನಾವು ಗಾರ್ಮೆಂಟ್ಸ್‌ನಲ್ಲೋ, ಖಾಸಗಿ ಶಾಲೆಯಲ್ಲೋ, ಕಂತಿನ ಗಾಡಿಯಲ್ಲಿ ಊಟದ ಪೊಟ್ಟಣ ಸಾಗಿಸುತ್ತಲೋ ಹಗಲು ಕಳೆದು ರಾತ್ರಿ ಹತ್ತರ ಮೇಲೆ ನೋಟ್‌ಬುಕ್ಕು ಬಿಚ್ಚುತ್ತೇವೆ. ಒಂದು ಪದ್ಯ ಆಗುತ್ತೆ. ಕಾದಂಬರಿ ಆಗುವುದಿಲ್ಲ. ಆಗ ವಿಮರ್ಶಕರು, ದಲಿತರಲ್ಲಿ ಕವಿಗಳೇ ಹೆಚ್ಚು, ಕಾದಂಬರಿಕಾರರು ಕಡಿಮೆ, ದೀರ್ಘ ಕಥನದ ತಾಳ್ಮೆ ಇವರಿಗಿಲ್ಲ ಅಂತ ತೀರ್ಪು ಬರೆಯುತ್ತಾರೆ. ತಾಳ್ಮೆಯಂತೆ! ಮೂರು ತಲೆಮಾರು ಜೀತ ಮಾಡಿದವರಿಗೆ ತಾಳ್ಮೆಯ ಕೊರತೆಯಂತೆ!

ಮೊದಲು ದಂಡಿನ ಚರಿತ್ರೆ ನೋಡೋಣ. ಕಂಟೋನ್ಮೆಂಟನ್ನು ನಮ್ಮ ಹಿರಿಯರು ದಂಡು ಅಂತಲೇ ಕರೆದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿಯ ಜ್ವರ ತಾಳಲಾರದೆ 1809ರಲ್ಲಿ ಅದು ಹಲಸೂರಿನ ಕಡೆಯ ಎತ್ತರದ ನೆಲಕ್ಕೆ ಬಂತು. ಪಡೆ ಬಂದರೆ ಅದರ ಹಿಂದೆ ಊರೇ ಬರುತ್ತದೆ. ಅಡುಗೆಯವರು, ಹೊರೆಯಾಳುಗಳು, ಚಮ್ಮಾರರು, ಕಸಾಯಿಯವರು, ಅಗಸರು, ಜಾಡಮಾಲಿಗಳು, ಆಯಾಗಳು ಬಂದರು. ಮದ್ರಾಸ್ ಸೀಮೆಯಿಂದ ತಮಿಳು, ತೆಲುಗು ಮಾತಾಡುವವರು ಬಂದರು, ಉರ್ದು ಮಾತಾಡುವವರು ಬಂದರು. ಇಂದು ಶಿವಾಜಿನಗರ ಎನ್ನುವ ಜಾಗ ಆಗ ಬ್ಲ್ಯಾಕ್‌ಪಳ್ಳಿ.  ಬಿಳಿಯರ ಬಂಗಲೆಗಳ ಸುತ್ತ ಎಕರೆಗಟ್ಟಲೆ ಕಾಂಪೌಂಡು, ದುಡಿಯುವವರಿಗೆ ಒಂದರ ಬೆನ್ನಿಗೊಂದು ಅಂಟಿದ ಗುಡಿಸಲು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸುವಾಗಲೂ ದಂಡನ್ನು ಮಾತ್ರ ಅವರು ಕೊಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆದು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ವಾಪಸ್ಸು ಬಂದದ್ದು 1947ರಲ್ಲಿ. ಪೇಟೆಯ ಜೊತೆ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ.

ಈ ದಂಡಿನಲ್ಲಿ ನಮ್ಮವರ ಪಾಲು ದೊಡ್ಡದು. ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಪಡೆಗೆ ಪರೆಯರು ಬಹಳ ಜನ ಸೇರಿದರು. ಸೇತುವೆ ಕಟ್ಟಿದರು, ಸುರಂಗ ತೋಡಿದರು, ಗೊತ್ತಿಲ್ಲದ ದೇಶಗಳ ಯುದ್ಧಕ್ಕೆ ಹೋಗಿ ಸತ್ತರು. ಬಂಗಲೆಯ ಅಡುಗೆಮನೆಗೆ ಮಡಿವಂತ ಜಾತಿಯವರು ಕಾಲಿಡುತ್ತಿರಲಿಲ್ಲ. ದನದ ಮಾಂಸ ಬೇಯುವ ಮನೆ ಅದು. ಆದ್ದರಿಂದ ಬಟ್ಲರ್ ಕೆಲಸ, ಅಡುಗೆ ಕೆಲಸ, ಆಯಾ ಕೆಲಸ ಬಹುಪಾಲು ನಮ್ಮ ಜನರಿಗೆ, ಬಡ ಮುಸ್ಲಿಮರಿಗೆ, ಬಡ ಕ್ರೈಸ್ತರಿಗೆ ಬಂತು. ಊರಿನ ಜಗಲಿ ಹತ್ತಲಾಗದವರು ದೊರೆಯ ಮಲಗುವ ಕೋಣೆಯವರೆಗೆ ಹೋದರು. ಇದನ್ನು ಬಿಡುಗಡೆ ಅನ್ನಬೇಕೋ, ಇನ್ನೊಂದು ಊಳಿಗ ಅನ್ನಬೇಕೋ? ಎರಡೂ ಹೌದು. ಗೌಡನ ಹೊಲದ ಜೀತಕ್ಕಿಂತ ತಿಂಗಳ ಸಂಬಳ ವಾಸಿ ಅಂತ ನಮ್ಮ ಜನ ಹೊಸಕೋಟೆ, ಮಾಲೂರು, ಕೃಷ್ಣರಾಜಪುರದ ಕಡೆಯ ಹಳ್ಳಿಗಳಿಂದ ದಂಡಿನತ್ತ ನಡೆದು ಬಂದರು. 1876-78ರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. ಉಳಿದವರಿಗೆ ಹಳ್ಳಿಯಲ್ಲಿ ಏನಿತ್ತು?

ಇಂಥ ದಂಡಿಗೆ 1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸ್ಸಾರ್ಸ್ ಎಂಬ ಕುದುರೆ ಪಡೆಯ ಜೊತೆ ಚರ್ಚಿಲ್ ಬಂದ. ಆಗ ಅವನಿಗೆ ವಯಸ್ಸು 21. ಡ್ಯೂಕ್ ಮನೆತನದ ಮೊಮ್ಮಗ. ಅಪ್ಪ ರ‍್ಯಾಂಡಾಲ್ಫ್ ಚರ್ಚಿಲ್ 1885-86ರಲ್ಲಿ ಇಂಡಿಯಾ ಖಾತೆಯ ಮಂತ್ರಿಯಾಗಿದ್ದವನು. ಮಗ ಶಾಲೆಯಲ್ಲಿ ಅಷ್ಟೇನೂ ಜಾಣನಲ್ಲ, ವಿಶ್ವವಿದ್ಯಾಲಯದ ಮುಖ ನೋಡಿದವನಲ್ಲ. ಇನ್ನಿಬ್ಬರು ಅಧಿಕಾರಿಗಳ ಜೊತೆ ಸೇರಿ ದೊಡ್ಡದೊಂದು ಬಂಗಲೆ ಹಿಡಿದ. ಎರಡು ಎಕರೆ ಕಾಂಪೌಂಡು, ಅಗಲವಾದ ವರಾಂಡ, ಗುಲಾಬಿ ತೋಟ.

ಆ ಬಂಗಲೆಯ ಆಳುಕಾಳುಗಳ ಲೆಕ್ಕವನ್ನು ಅವನೇ ತಾಯಿಗೆ ಬರೆದ ಕಾಗದದಲ್ಲಿ ಕೊಟ್ಟಿದ್ದಾನೆ. ಮೂವರಲ್ಲಿ ಒಬ್ಬೊಬ್ಬರಿಗೂ ಒಬ್ಬ ಬಟ್ಲರ್. ಬಟ್ಟೆ ತೊಡಿಸುವುದಕ್ಕೆ ಒಬ್ಬ ಹುಡುಗ, ಅವನ ಕೈಕೆಳಗೆ ಇನ್ನೊಬ್ಬ. ಮೂವರಿಗೂ ಸೇರಿ ತೋಟದವರು ಇಬ್ಬರು, ನೀರು ಹೊರುವ ಭಿಸ್ತಿಗಳು ಮೂವರು, ಬಟ್ಟೆ ಒಗೆಯುವವರು ನಾಲ್ವರು, ಕಾವಲಿನವನು ಒಬ್ಬ. ಇದರ ಮೇಲೆ ಒಂದೊಂದು ಕುದುರೆಗೂ ಒಬ್ಬೊಬ್ಬ ಸೈಸ. ನೀವೇ ಕೂಡಿಸಿ ನೋಡಿ. ಸೈಸರನ್ನು ಬಿಟ್ಟರೂ ಮೂವರು ಹುಡುಗರಿಗೆ 19 ಜನ! ಬೆಳಗಿನ ಜಾವ ಇನ್ನೂ ನಿದ್ದೆಯಲ್ಲಿರುವಾಗಲೇ ಒಬ್ಬ ಬಂದು ಗದ್ದ ಹಿಡಿದೆತ್ತಿ ಕ್ಷೌರ ಮಾಡಿ ಹೋಗುತ್ತಿದ್ದ. ಇದನ್ನು ಚರ್ಚಿಲ್ ತನ್ನ ಆತ್ಮಕಥೆಯಲ್ಲಿ ಬಲು ಸೊಗಸಾಗಿ ವರ್ಣಿಸಿದ್ದಾನೆ. ಬಟ್ಟೆಯನ್ನು ಹುಡುಗನಿಗೆ, ಕುದುರೆಯನ್ನು ಸೈಸನಿಗೆ, ದುಡ್ಡನ್ನು ಬಟ್ಲರಿಗೆ ಒಪ್ಪಿಸಿಬಿಟ್ಟರೆ ಮತ್ತೆ ಯಾವ ಚಿಂತೆಯೂ ಇಲ್ಲ ಅನ್ನುತ್ತಾನೆ. ಸಂಖ್ಯೆ ಕೊಡುತ್ತಾನೆ, ಸೊಗಸು ಹೇಳುತ್ತಾನೆ. ಆ ಗದ್ದ ಹಿಡಿದ ಕೈ ಅವನಿಗೆ ತಣ್ಣಗೆ ತೇವವಾಗಿತ್ತು ಅಷ್ಟೆ. ಆ ಕೈಯವನು ಎಷ್ಟು ಹೊತ್ತಿಗೆ ಎದ್ದು, ಎಷ್ಟು ದೂರ ನಡೆದು ಬಂದಿದ್ದ ಅನ್ನುವುದು ಅವನ ಪುಸ್ತಕದ ವಿಷಯವಲ್ಲ.

ಚರ್ಚಿಲ್‌ನ ದಿನಚರಿ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಕವಾಯತು, ಒಂದೂವರೆ ಗಂಟೆ. ಆಮೇಲೆ ಸ್ನಾನ, ತಿಂಡಿ. ಒಂಬತ್ತರಿಂದ ಹತ್ತೂವರೆವರೆಗೆ ಲಾಯ, ಕಚೇರಿ. ಬಿಸಿಲೇರುವ ಹೊತ್ತಿಗೆ ಮತ್ತೆ ಬಂಗಲೆ. ಸಂಜೆ ಐದಕ್ಕೆ ಪೋಲೋ ಆಟ. ನಡುವಿನ ಆರು ಗಂಟೆ ಪೂರಾ ಅವನದು. ಬೇರೆ ಅಧಿಕಾರಿಗಳು ನಿದ್ದೆ ಹೊಡೆದರು. ಇವನು ಓದಿದ. ಈ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಓದಿದ. ಗಿಬ್ಬನ್ ಬರೆದ ರೋಮಿನ ಚರಿತ್ರೆ, ಮೆಕಾಲೆಯ ಸಂಪುಟಗಳು, ಪ್ಲೇಟೋ, ಅರಿಸ್ಟಾಟಲ್, ಮಾಲ್ಥಸ್, ಡಾರ್ವಿನ್. ಕಾಲೇಜು ಮೆಟ್ಟಿಲು ಹತ್ತದವನು ಬೆಂಗಳೂರಿನ ವರಾಂಡದಲ್ಲಿ ಕೂತು ತನಗೆ ತಾನೇ ಮೇಷ್ಟ್ರಾದ. ತಾಯಿ ಲಂಡನ್ನಿನಿಂದ ಪುಸ್ತಕದ ಕಟ್ಟು ಕಳಿಸುತ್ತಲೇ ಇದ್ದಳು. ಶ್ರಮಪಟ್ಟ ಎನ್ನುವುದು ನಿಜ. ಆದರೆ ಶ್ರಮಪಡುವುದಕ್ಕೂ ಖಾಲಿ ಮಧ್ಯಾಹ್ನ ಬೇಕು. ಆ ಖಾಲಿ ಮಧ್ಯಾಹ್ನವನ್ನು 19 ಜನ ತಮ್ಮ ಬೆನ್ನಿನ ಮೇಲೆ ಹೊತ್ತು ತಂದಿಟ್ಟಿದ್ದರು.

ದುಡ್ಡಿನ ಲೆಕ್ಕವನ್ನೂ ನೋಡಿಬಿಡೋಣ. ಅವನ ಸಂಬಳ ದಿನಕ್ಕೆ 14 ಷಿಲಿಂಗು, ಕುದುರೆ ಸಾಕಲು ತಿಂಗಳಿಗೆ 3 ಪೌಂಡು. ಇದರ ಮೇಲೆ ಮನೆಯಿಂದ ವರ್ಷಕ್ಕೆ 500 ಪೌಂಡು ಬರುತ್ತಿತ್ತು. ಆಗಿನ ಪೌಂಡಿಗೆ 15 ರೂಪಾಯಿಯಂತೆ ಹಿಡಿದರೆ 7,500 ರೂಪಾಯಿ. ಇಷ್ಟೂ ಸಾಲದೆ ಸಾಹುಕಾರರ ಹತ್ತಿರ ಬಡ್ಡಿ ಸಾಲ ತೆಗೆದ. ಸಾಲ ಮಾಡಿಯೂ ಮಾನವಂತನಾಗಿ ಬದುಕುವ ಅವಕಾಶ ಯಾರಿಗಿದೆಯೋ ಅವನೇ ಬಡವನಲ್ಲದವನು. ನಮ್ಮ ಅಪ್ಪಂದಿರು ನೂರಿನ್ನೂರು ರೂಪಾಯಿ ಸಾಲಕ್ಕೆ ಗೌಡರ ಮನೆಯಲ್ಲಿ ವರ್ಷಗಟ್ಟಲೆ ಜೀತಕ್ಕಿದ್ದರು. ಜೀತಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ.

ಇನ್ನು ಅವನ ಬರವಣಿಗೆಯ ದಾರಿ. ಅದು ನೇರ ದಾರಿಯಲ್ಲ, ಸುತ್ತುಬಳಸಿನದು. 1895ರಲ್ಲೇ ರಜೆ ಹಾಕಿ ಕ್ಯೂಬಾದ ಯುದ್ಧ ನೋಡಿ ಬಂದು ಪತ್ರಿಕೆಗೆ ಬರೆದಿದ್ದ. 1897ರಲ್ಲಿ 'ಸವ್ರೋಲ' ಶುರು ಮಾಡಿದ. ಆ ವರ್ಷವೇ ವಾಯವ್ಯ ಗಡಿಯಲ್ಲಿ ಪಠಾಣರ ದಂಗೆ ಎದ್ದಿತು. ರಜೆ ತೆಗೆದುಕೊಂಡು ರೈಲು ಹತ್ತಿದ. ಅಲಹಾಬಾದಿನ 'ಪಯನೀರ್' ಪತ್ರಿಕೆಗೂ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಗೂ ವರದಿ ಬರೆದ. ಟೆಲಿಗ್ರಾಫಿನವರು ಅಂಕಣವೊಂದಕ್ಕೆ 5 ಪೌಂಡು ಕೊಟ್ಟರು. ಬೆಂಗಳೂರಿಗೆ ಹಿಂತಿರುಗಿದವನು ಕಾದಂಬರಿಯನ್ನು ಬದಿಗಿಟ್ಟು, ಕೆಲವೇ ವಾರಗಳಲ್ಲಿ ಆ ಯುದ್ಧದ ಪುಸ್ತಕ ಮುಗಿಸಿದ. ತಾಯಿ ಓಡಾಡಿ ದೊಡ್ಡವರ ಮೂಲಕ ಪ್ರಕಾಶಕರನ್ನು ಹಿಡಿದಳು. 1898ರ ಮಾರ್ಚಿನಲ್ಲಿ ಪುಸ್ತಕ ಹೊರಬಂತು. ಆಮೇಲೆ ಕಾದಂಬರಿ ಮುಗಿಯಿತು. ಆ ವರ್ಷವೇ ಸೂಡಾನಿನ ಯುದ್ಧಕ್ಕೂ ಹೋಗಿ ಬಂದ. 1899ರಲ್ಲಿ ಬೆಂಗಳೂರು ಬಿಟ್ಟ, ಸೈನ್ಯವನ್ನೂ ಬಿಟ್ಟ. ಅದೇ ವರ್ಷ 'ಸವ್ರೋಲ' ಲಂಡನ್ನಿನ 'ಮ್ಯಾಕ್‌ಮಿಲನ್ಸ್ ಮ್ಯಾಗಜೀನ್'ನಲ್ಲಿ ಧಾರಾವಾಹಿಯಾಯಿತು. ಅದಕ್ಕೆ 100 ಪೌಂಡು ಸಿಕ್ಕಿತು. ಆ ವರ್ಷದ ಕೊನೆಗೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಯ ವರದಿಗಾರನಾಗಿ ಹೊರಟಾಗ ಅವನ ಸಂಬಳ ತಿಂಗಳಿಗೆ 250 ಪೌಂಡು. ಲೇಖನಿ ಖಡ್ಗಕ್ಕಿಂತ ಹೆಚ್ಚು ಕೂಲಿ ತಂದಿತು. ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯರಿಗೆ 1911ರವರೆಗೆ ಸಂಬಳ ಇರಲಿಲ್ಲ. ಅವನ ರಾಜಕಾರಣಕ್ಕೆ ಅನ್ನ ಹಾಕಿದ್ದೂ ಈ ಲೇಖನಿಯೇ. 1953ರಲ್ಲಿ ಸಾಹಿತ್ಯದ ನೊಬೆಲ್ ಕೂಡ ಬಂತು.

'ಸವ್ರೋಲ' ಎಂಥ ಕಾದಂಬರಿ? ಲೌರೇನಿಯ ಎಂಬ ಕಲ್ಪನೆಯ ದೇಶದಲ್ಲಿ ಸರ್ವಾಧಿಕಾರಿಯ ವಿರುದ್ಧ ಜನ ದಂಗೆಯೇಳುವ ಕತೆ. ಸ್ವಾತಂತ್ರ್ಯದ ಪರವಾದ ಕತೆ, ಗೆಳೆಯರೆ! ಕೂತು ಬರೆದದ್ದು ಗುಲಾಮ ದೇಶದ ದಂಡಿನಲ್ಲಿ. ಪಂಕಾ ಎಳೆಯುವವನು, ನೀರು ತರುವವನು ಎದುರಿಗೇ ಇದ್ದರು. ಅವರಿಗೂ ಸ್ವಾತಂತ್ರ್ಯ ಬೇಕಾಗಬಹುದು ಅನ್ನೋದು ಬರೆಯುವವನಿಗೆ ಹೊಳೆಯಲಿಲ್ಲ. ಕಾದಂಬರಿಯಲ್ಲಿ ನಾಯಕನನ್ನು ಸಾಕಿದ ಒಬ್ಬ ಮುದಿ ದಾದಿ ಬರುತ್ತಾಳೆ. ಅವಳು ಲೇಖಕನನ್ನು ಲಂಡನ್ನಿನಲ್ಲಿ ಎತ್ತಿ ಆಡಿಸಿದ ದಾದಿಯ ನೆರಳು. ಬೆಂಗಳೂರಿನ ಆಳುಗಳ ನೆರಳು ಅದರಲ್ಲಿಲ್ಲ. ಪುಸ್ತಕದ ಅರ್ಪಣೆ ಇರುವುದು ಪಡೆಯ ಅಧಿಕಾರಿಗಳಿಗೆ. ಇದೇ ಮನುಷ್ಯ 1930ರ ದಶಕದಲ್ಲಿ ಇಂಡಿಯಾಕ್ಕೆ ಅರೆಪಾವು ಸ್ವಯಮಾಡಳಿತ ಕೊಡುವುದನ್ನೂ ಹಲ್ಲುಕಚ್ಚಿ ವಿರೋಧಿಸಿದ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿದು ಸತ್ತಾಗ ಪ್ರಧಾನಿಯಾಗಿದ್ದವನು ಇವನೇ. ಧಾನ್ಯ ತರಲು ಹಡಗು ಬಿಡುವುದಕ್ಕೆ ಅವನ ಯುದ್ಧ ಸಂಪುಟ ಹಿಂದೆಮುಂದೆ ನೋಡಿತು.

ಅವನು ಇಲ್ಲಿದ್ದ ದಿನಗಳು ನಮ್ಮವರಿಗೆ ಹೇಗಿದ್ದವು? 1896-97ರಲ್ಲಿ ದೇಶದ ಉದ್ದಗಲಕ್ಕೂ ದೊಡ್ಡ ಬರ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯಲ್ಲೂ ದಂಡಿನಲ್ಲೂ ಸಾವಿರಾರು ಜನ ಸತ್ತರು. ಗುಡಿಸಲು ಬಿಟ್ಟು ಬಯಲಿಗೆ ಓಡಿದರು. ಆಮೇಲೆ ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು. ಕೇರಿಗಳು ಇದ್ದಲ್ಲೇ ಇದ್ದವು. ನಮ್ಮವರು ಕಟ್ಟಿಕೊಂಡದ್ದು ಪ್ಲೇಗಮ್ಮನ ಗುಡಿಗಳನ್ನು. ಮಾರಿಯನ್ನು ತಾಯಿ ಎಂದು ಕರೆದು ಬದುಕಿಸು ಅಂತ ಕೈಮುಗಿದರು. ಪಠಾಣರ ಯುದ್ಧದ ಬಗ್ಗೆ ಒಂದು ಪುಸ್ತಕ ಹುಟ್ಟಿದ ಊರಿನಲ್ಲಿ, ಇಲ್ಲದ ದೇಶದ ದಂಗೆಯ ಬಗ್ಗೆ ಇನ್ನೊಂದು ಪುಸ್ತಕ ಹುಟ್ಟಿದ ಊರಿನಲ್ಲಿ, ಆ ಪ್ಲೇಗಿನ ಬಗ್ಗೆ ಕೇರಿಯ ಒಂದು ಪುಸ್ತಕ ಹುಟ್ಟಲಿಲ್ಲ. ಬರೆಯುವವರು ಇರಲಿಲ್ಲವೋ, ಬರೆಯಲು ಬಿಡಲಿಲ್ಲವೋ ನೀವೇ ಹೇಳಿ.

ಈ ವಿಚಾರ ಬರೀ ನಮ್ಮ ಸಿಟ್ಟಲ್ಲ. 1929ರಲ್ಲಿ ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ ಒಂದು ಪುಸ್ತಕ ಬರೆದರು. ಹೆಣ್ಣುಮಕ್ಕಳು ಕಾದಂಬರಿ ಬರೆಯಬೇಕಾದರೆ ಏನು ಬೇಕು ಎಂದು ಕೇಳಿಕೊಂಡು, ವರ್ಷಕ್ಕೆ 500 ಪೌಂಡು ಆದಾಯ ಬೇಕು, ತನ್ನದೇ ಒಂದು ಕೋಣೆ ಬೇಕು ಎಂದು ಲೆಕ್ಕ ಕೊಟ್ಟರು. ಮೂವತ್ತು ವರ್ಷ ಮೊದಲು ದಂಡಿನ ಬಂಗಲೆಯಲ್ಲಿದ್ದ ಹುಡುಗನಿಗೆ ಮನೆಯಿಂದ ಬರುತ್ತಿದ್ದದ್ದೂ ಸರಿಯಾಗಿ 500 ಪೌಂಡು. ವುಲ್ಫ್ ಹೇಳಿದ ಲೆಕ್ಕ ಎಷ್ಟು ನಿಜ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಆ ಕೋಣೆಯ ಕಸ ಗುಡಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬಾಬಾಸಾಹೇಬರ ಹತ್ತಿರ ಬರಬೇಕು. ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿದ 1945ರ ಪುಸ್ತಕದಲ್ಲಿ ಅಂಬೇಡ್ಕರ್ ಬಿಡುವಿನ ಪ್ರಶ್ನೆಯನ್ನು ಎತ್ತುತ್ತಾರೆ. ಬಿಡುವಿಲ್ಲದೆ ಸಂಸ್ಕೃತಿ ಇಲ್ಲ. ಕೆಲವರ ಬಿಡುವಿಗಾಗಿ ಹಲವರು ಹಗಲಿರುಳು ದುಡಿಯುವ ವ್ಯವಸ್ಥೆ ಪ್ರಜಾಪ್ರಭುತ್ವ ಅಲ್ಲ. ಯಂತ್ರ ಬರಲಿ, ದುಡಿಮೆಯ ಹೊರೆ ಇಳಿಯಲಿ, ಎಲ್ಲರಿಗೂ ಬಿಡುವು ಸಿಗಲಿ ಎಂಬುದು ಅವರ ವಾದದ ತಿರುಳು. ಚರಕ ತಿರುಗಿಸಿ ಬಡವನಾಗಿಯೇ ಪಾವನನಾಗು ಎಂದವರಿಗೆ ಅವರು ಕೊಟ್ಟ ಉತ್ತರ ಅದು. ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ.

ಈಗ ಕನ್ನಡದ ಕಡೆ ತಿರುಗೋಣ. 'ಸವ್ರೋಲ' ಧಾರಾವಾಹಿಯಾದ 1899ರಲ್ಲೇ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾಯಿತು. ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ನೌಕರರು. ವಿಧವೆಯ ಮರುಮದುವೆಯ ಪರ ನಿಂತ ಧೈರ್ಯದ ಪುಸ್ತಕ ಅದು. ಬರೆದವರು ನೌಕರಿಯ ನಡುವೆಯೇ ಬರೆದರು. ಅದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಅಂದರೆ ಬ್ರಾಹ್ಮಣ ಮನೆಯಿಂದ ಕಾದಂಬರಿ ಹೊರಬರುವ ಹೊತ್ತಿಗೆ ನಮ್ಮ ಮಕ್ಕಳು ಅ ಆ ಇ ಈ ತಿದ್ದುತ್ತಿದ್ದರು, ಅದೂ ಊರವರ ಬೈಗುಳದ ನಡುವೆ. ಓಟದ ಗೆರೆ ಎಲ್ಲಿತ್ತು, ನಮ್ಮನ್ನು ನಿಲ್ಲಿಸಿದ್ದು ಎಲ್ಲಿ ಎಂದು ತಿಳಿಯಲು ಈ ಎರಡು ಇಸವಿ ಸಾಕು.

ಕನ್ನಡದಲ್ಲಿ ಬರೆದೇ ಬದುಕುವುದು ಮೇಲ್ಜಾತಿಯವರಿಗೂ ಹೂವಿನ ಹಾಸಿಗೆಯಾಗಿರಲಿಲ್ಲ. ಗಳಗನಾಥರು ಶಾಲಾ ಮಾಸ್ತರಿಕೆ ಬಿಟ್ಟು ಕಾದಂಬರಿ ಬರೆದರು, ತಾವೇ ಅಚ್ಚು ಹಾಕಿಸಿದರು, ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಲೇಖನಿಯಿಂದಲೇ ಬದುಕಬಹುದು ಎಂದು ತೋರಿಸಲು ಹೆಣಗಿದರು. ನಿರಂಜನರು ಕಮ್ಯುನಿಸ್ಟ್ ಪಕ್ಷದ ಕೆಲಸ, ಭೂಗತ ಬದುಕು, ಪತ್ರಿಕೆಯ ಕೆಲಸ, ಅಂಕಣದ ಕೂಲಿ ಇವೆಲ್ಲವನ್ನೂ ದಾಟಿ ಕಾದಂಬರಿಗೆ ಬಂದರು. 1943ರಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತ ಹುಡುಗರ ಕತೆಯನ್ನು 1955ರಲ್ಲಿ 'ಚಿರಸ್ಮರಣೆ'ಯಾಗಿ ಕೊಟ್ಟರು. ಕಾಸರಗೋಡಿನ ಸೀಮೆಯ ಆ ರೈತರಿಗೆ ಕನ್ನಡದಲ್ಲಿ ಒಂದು ಸ್ಮಾರಕ ಇದೆ ಅಂದರೆ ಅದು ಆ ಪುಸ್ತಕ. ಈ ಹಿರಿಯರನ್ನು ನಾವು ಗೌರವಿಸುತ್ತೇವೆ. ಅವರ ಬಡತನವೂ ನಿಜ. ಆದರೆ ಅವರ ಬಡತನಕ್ಕೆ ಅಕ್ಷರದ ಮನೆಯೊಂದು ಬೆನ್ನಿಗಿತ್ತು. ಅಪ್ಪನೋ ಅಜ್ಜನೋ ಓದಿದವನಾಗಿದ್ದ, ಬಾಡಿಗೆಗೆ ಮನೆ ಕೇಳಿದರೆ ಜಾತಿ ಅಡ್ಡ ಬರುತ್ತಿರಲಿಲ್ಲ, ಪ್ರಕಾಶಕನ ಜಗಲಿಯಲ್ಲಿ ಕೂರಲು ಜಾಗ ಇತ್ತು.

ಅಕ್ಷರದ ಮನೆಯೇ ಇಲ್ಲದವರೂ ದಾರಿ ಮಾಡಿಕೊಂಡದ್ದುಂಟು. ಪತ್ತೇದಾರಿ ಕಾದಂಬರಿಗಳ ಎನ್. ನರಸಿಂಹಯ್ಯನವರ ಓದು ಪ್ರಾಥಮಿಕ ಶಾಲೆಗೇ ನಿಂತಿತ್ತು. ಹೊಟ್ಟೆಪಾಡಿಗೆ ಸಿಕ್ಕ ಕೆಲಸಗಳನ್ನೆಲ್ಲ ಮಾಡಿ 1950ರ ದಶಕದಲ್ಲಿ ಬರೆಯಲು ಕೂತರು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬರೆದದ್ದು ನೂರಾರು ಕಾದಂಬರಿ. ಪಂಡಿತರು ಅವರನ್ನು ಸಾಹಿತಿ ಎಂದೇ ಎಣಿಸಲಿಲ್ಲ. ಆದರೆ ಮಿಲ್ಲು ಕೆಲಸಗಾರರು, ಬಸ್ಸಿನವರು, ಅಂಗಡಿ ಹುಡುಗರು ಬಾಡಿಗೆ ಲೈಬ್ರರಿಯಿಂದ ತಂದು ಓದಿದ್ದು ಅವರ ಪತ್ತೇದಾರ ಪುರುಷೋತ್ತಮನನ್ನೇ. ಓದುವ ಚಟ ಹತ್ತಿಸಿದವರನ್ನು ಚರಿತ್ರೆಯಿಂದ ಆಚೆ ಇಟ್ಟು ಓದುಗರಿಲ್ಲ ಎಂದು ಗೋಳಾಡುವುದು ಎಂಥ ನ್ಯಾಯ?

ಬಂಗಾಳದ ಮನೋರಂಜನ್ ಬ್ಯಾಪಾರಿ ಅವರನ್ನು ನೋಡಿ. ನಾಮಶೂದ್ರ ನಿರಾಶ್ರಿತ ಕುಟುಂಬ. ಅಕ್ಷರ ಕಲಿತದ್ದು ಜೈಲಿನಲ್ಲಿ. ಹೊರಬಂದು ಕಲ್ಕತ್ತೆಯಲ್ಲಿ ರಿಕ್ಷಾ ಎಳೆದರು. ಒಂದು ದಿನ ತನ್ನ ರಿಕ್ಷಾದಲ್ಲಿ ಕೂತ ಹೆಣ್ಣುಮಗಳನ್ನು ಪುಸ್ತಕದಲ್ಲಿ ಓದಿದ್ದ ಒಂದು ಕಷ್ಟದ ಪದದ ಅರ್ಥ ಕೇಳಿದರು. ಆಕೆ ಮಹಾಶ್ವೇತಾದೇವಿ. ಆಕೆಯೇ ತನ್ನ ಪತ್ರಿಕೆ 'ಬರ್ತಿಕಾ'ದಲ್ಲಿ ಇವರ ಬರಹ ಹಾಕಿದರು. ಆ ಮೇಲೂ ಬ್ಯಾಪಾರಿ ಪೂರ್ಣಾವಧಿ ಲೇಖಕರಾಗಲಿಲ್ಲ. ಶಾಲೆಯೊಂದರಲ್ಲಿ ಅಡುಗೆ ಮಾಡುತ್ತ, ಒಲೆ ಆರಿದ ಮೇಲೆ ಬರೆಯುತ್ತ ವರ್ಷಗಟ್ಟಲೆ ಕಳೆದರು. 2021ರಲ್ಲಿ ಶಾಸಕರೂ ಆದರು. ಒಂದು ಸಣ್ಣ ಪತ್ರಿಕೆ ಏನು ಮಾಡಬಲ್ಲದು ಅನ್ನುವುದಕ್ಕೆ ನಾವು ಈ ಕತೆ ಹೇಳುತ್ತಿದ್ದೇವೆ. ದೊಡ್ಡ ಪ್ರಕಾಶಕರು ಅವರನ್ನು ಕಂಡದ್ದು ಆಮೇಲೆ. ಮೊದಲು ಕಂಡದ್ದು 'ಬರ್ತಿಕಾ'.

ನಮ್ಮಲ್ಲಿ ದೇವನೂರ ಮಹಾದೇವರು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಲಸ ಬಿಟ್ಟರು. ಬಿಟ್ಟು ಹೋದದ್ದು ಬಂಗಲೆಯ ವರಾಂಡಕ್ಕಲ್ಲ, ಬೇಸಾಯಕ್ಕೆ, ಚಳವಳಿಗೆ. ಬರೆದದ್ದು ಪುಟದ ಲೆಕ್ಕದಲ್ಲಿ ಕಡಿಮೆ. 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾಕೆ ಕಡಿಮೆ ಬರೆದಿರಿ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. ಚಳವಳಿಯ ಊರೂರು ಅಲೆದಾಟ, ಸುಟ್ಟ ಗುಡಿಸಲುಗಳ ಮುಂದೆ ನಿಲ್ಲುವುದು, ಪೊಲೀಸ್ ಠಾಣೆ ಕಾಯುವುದು, ಇವನ್ನೆಲ್ಲ ಮಾಡುತ್ತ ಬರೆದ ಇಡೀ ಒಂದು ತಲೆಮಾರನ್ನೇ ನಾವು ಈ ಲೆಕ್ಕದಲ್ಲಿ ನೋಡಬೇಕು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರು ಕುರ್ಚಿ ಬಿಡಬೇಕಾಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಯಾರ ಬಿಡುವಿನಲ್ಲಿ, ಯಾರ ಬೆವರಿನ ಮೇಲೆ ಸಾಹಿತ್ಯ ಹುಟ್ಟಿದೆ ಎಂಬ ಪ್ರಶ್ನೆ ಬೂಸಾ ಮಾತಿನ ಒಳಗೇ ಇತ್ತು. ಅದನ್ನು ಬಿಡಿಸಿ ಕೇಳುವ ಕೆಲಸ ಇನ್ನೂ ಬಾಕಿ ಇದೆ.

ಇವತ್ತಿನ ದಂಡನ್ನು ನೋಡಿ. ಗೋರಾ ಸಾಹೇಬ ಹೋಗಿ ಮುಕ್ಕಾಲು ಶತಮಾನ ಮೀರಿತು. ಬೆಳಿಗ್ಗೆ ಆರೂವರೆಗೆ ಹಲಸೂರಿನ ಗಲ್ಲಿಗಳಿಂದ, ಕೆ.ಆರ್. ಪುರಂ ಕಡೆಯ ಬಸ್ಸುಗಳಿಂದ ನಮ್ಮ ಅವ್ವಂದಿರು ಅಕ್ಕಂದಿರು ಇಳಿದು ಇಂದಿರಾನಗರದ ಮನೆಗಳ ಕಡೆ ನಡೆಯುತ್ತಾರೆ. ಒಬ್ಬೊಬ್ಬರಿಗೆ ನಾಲ್ಕು ಮನೆ, ಐದು ಮನೆ. ಪಾತ್ರೆ, ಬಟ್ಟೆ, ಕಸ, ಮಗು. ಮನೆಗೆಲಸದವರಿಗೂ ಕನಿಷ್ಠ ಕೂಲಿ ಎಂದು ಕರ್ನಾಟಕ ಸರ್ಕಾರ 2004ರಲ್ಲೇ ಆದೇಶ ಮಾಡಿದೆ. ಆದೇಶ ಯಾವ ಅಡುಗೆಮನೆಯ ಗೋಡೆಗೆ ಅಂಟಿದೆ? ಆ ಮನೆಗಳ ಒಳಗೆ ಯಾರೋ ಲ್ಯಾಪ್‌ಟಾಪಿನ ಮುಂದೆ ಕೂತು, ಕಂಪನಿ ಕೆಲಸ ಬಿಟ್ಟು ಕಾದಂಬರಿ ಬರೆಯುತ್ತಿದ್ದೇನೆ ಅನ್ನುತ್ತಿರಬಹುದು. ಬರೆಯಲಿ, ಬೇಡ ಅನ್ನುವವರು ನಾವಲ್ಲ. ಆ ಪಾತ್ರೆಗಳ ದುಡ್ಡಲ್ಲೇ ನಾವು ಡಿಗ್ರಿ ಓದಿದ್ದು. ನಡುರಾತ್ರಿ ನಾವು ಬರೆಯುತ್ತ ಕೂತರೆ ಅವ್ವ ಮಗ್ಗುಲಾಗಿ "ಲೈಟ್ ಆರ್ಸು ಮಗಾ, ಬೆಳಿಗ್ಗೆ ನಾನು ಏಳ್ಬೇಕು" ಅಂತಾಳೆ. ಅವಳದ್ದೂ ತಪ್ಪಲ್ಲ. ಒಂದೇ ಕೋಣೆ, ಒಂದೇ ಲೈಟು. ಅವಳ ನಿದ್ದೆಗೂ ನಮ್ಮ ಬರಹಕ್ಕೂ ಜಗಳ ಹಚ್ಚಿದವರು ಯಾರು ಎಂದು ತಿಳಿದುಕೊಳ್ಳುವುದೇ ನಮ್ಮ ರಾಜಕೀಯ.

ಹಾಗಾದರೆ ಏನು ಮಾಡಬೇಕು? ನೌಕರಿ ಬಿಟ್ಟು ಬನ್ನಿ, ಬರೆಯಿರಿ ಎಂದು ನಾವು ಯಾವ ತಮ್ಮನಿಗೂ ತಂಗಿಗೂ ಹೇಳುವುದಿಲ್ಲ. ಮನೆಗೆ ಒಬ್ಬರೇ ದುಡಿಯುವ ಕಡೆ ಆ ಮಾತು ಹೇಳುವುದು ಕ್ರೌರ್ಯ. ನೌಕರಿಯಲ್ಲಿದ್ದೇ ಬರೆಯುವುದು ಕೀಳಲ್ಲ, ಗುಲ್ವಾಡಿಯವರು ಮಾಡಿದ್ದೂ ಅದನ್ನೇ. ಆದರೆ ಕೆಲವನ್ನು ಕೂಡಲೇ ಮಾಡಬಹುದು.

ಬರಹಕ್ಕೆ ಕೂಲಿ ಕೊಡುವ ಪದ್ಧತಿಯನ್ನು ನಮ್ಮ ಪತ್ರಿಕೆಗಳೇ ಶುರು ಮಾಡಲಿ. ನೂರೋ ಇನ್ನೂರೋ, ಕೈಲಾದಷ್ಟು. ಕೂಲಿ ಕೇಳುವುದು ಸಾಹಿತ್ಯಕ್ಕೆ ಅವಮಾನ ಎಂಬ ಮಾತು ಹೊಟ್ಟೆ ತುಂಬಿದವರದ್ದು. ಹಳ್ಳಿಗಳಲ್ಲಿರುವ ಮೇಷ್ಟ್ರುಗಳು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಸಂಜೆಯ ಮೇಲೂ ಬಾಗಿಲು ತೆರೆದಿರುವಂತೆ ಗಲಾಟೆ ಮಾಡಲಿ. ಅಲ್ಲಿ ಒಂದು ಮೇಜು, ಒಂದು ದೀಪ ಇದ್ದರೆ ಕೇರಿಯ ಹುಡುಗಿಗೆ ಅದೇ ವುಲ್ಫ್ ಹೇಳಿದ ಕೋಣೆ. ವಿದ್ಯಾರ್ಥಿ ಹಾಸ್ಟೆಲುಗಳಲ್ಲಿ ರಾತ್ರಿ ಬರೆಯಲು ಜಾಗ ಕೇಳಿ ಪಡೆಯಿರಿ.

ಇನ್ನೊಂದು ಕೆಲಸ ಚರಿತ್ರೆಯದು. ಕವಿ ಚರಿತ್ರೆಗಳಲ್ಲಿ ಹುಟ್ಟಿದ ಇಸವಿ, ಕೃತಿಗಳ ಪಟ್ಟಿ, ಪ್ರಶಸ್ತಿ ಇರುತ್ತವೆ. ಹೊಟ್ಟೆಪಾಡು ಏನಿತ್ತು, ಯಾವ ಹೊತ್ತಿನಲ್ಲಿ ಬರೆದರು, ಅವರ ಮನೆಯ ನೀರು ಯಾರು ತಂದರು ಎನ್ನುವುದು ಇರುವುದಿಲ್ಲ. ಅದನ್ನು ನಾವು ಸೇರಿಸೋಣ. ನಿಮ್ಮ ತಾಲ್ಲೂಕಿನಲ್ಲಿ ಬರೆದವರ, ಬರೆಯಬೇಕೆಂದಿದ್ದು ಬರೆಯಲಾಗದೆ ಹೋದವರ ದುಡಿಮೆಯ ಕತೆ ಕೇಳಿ ಬರೆಯಿರಿ. ದಂಡಿನಲ್ಲಿ ಬಟ್ಲರ್, ಆಯಾ, ಸೈಸ ಆಗಿದ್ದವರ ಮೊಮ್ಮಕ್ಕಳು ಹಲಸೂರಿನಲ್ಲಿ, ಶಿವಾಜಿನಗರದಲ್ಲಿ ಇನ್ನೂ ಇದ್ದಾರೆ. ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲಿ, ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲಿ ಕೇಳಿಸಿಕೊಂಡು ಕನ್ನಡಕ್ಕೆ ತನ್ನಿ. ಅಜ್ಜಿ ತಾತಂದಿರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಕೈಬರಹವಾದರೂ ಸರಿ, ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಹಾಕೋಣ.